ಗಿಡ್ಡ ಕುರಿ ಅಂದರೆ ಯಾವ ಪ್ರಾಣಿ?

ಆ ಬೆಳಿಗ್ಗೆ ಯಂಜಿಮಾಳಿಗೆ ಜ್ವರ ಇದೆಯೇ ಎಂದು ನೋಡಲು ಯಾರೂ ಬರಲಿಲ್ಲ.

ಗುಡಾರದ ಸುತ್ತ ಕಟ್ಟಿದ್ದ ಕೆಂಪು ಹಗ್ಗವನ್ನು ಹಿಂದಿನ ಸಂಜೆ ಆಸ್ಪತ್ರೆಯವರು ಬಿಚ್ಚಿಕೊಂಡು ಹೋಗಿದ್ದರು. ಇನ್ನು ನೀವು ಎಲ್ಲಿಗಾದರೂ ಹೋಗಬಹುದು, ಯಾರನ್ನಾದರೂ ಮಾತಾಡಿಸಬಹುದು ಎಂದಿದ್ದರು. ಅವಳು ಎದ್ದು ಒಲೆಗೆ ಒಣಸಗಣಿ ಹಾಕಿದಳು. ಚಹಾ ಕುದಿಸಿ, ಹಾಲು ಬೆರೆಸಿ, ಉಪ್ಪು ಹಾಕಿದಳು. ಮೊದಲ ಸೌಟನ್ನು ಹೊರಗೆ ತಂದು ನೈವೇದ್ಯವೆಂದು ಆಕಾಶದ ಕಡೆ ಎರಚಿದಳು. ಒಳಗೆ ಬಂದು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು. ಗಂಡ ಶಾರವನ ಬಟ್ಟಲನ್ನು ಅವನ ಹಾಸಿಗೆ, ಬಟ್ಟೆಗಳ ಜೊತೆಯಲ್ಲೇ ಸುಟ್ಟಿದ್ದರು. ಆದ್ದರಿಂದ ಮರೆತು ಅದನ್ನೂ ತುಂಬಿಸುವ ಪ್ರಮೇಯ ಬರಲಿಲ್ಲ.

ಮಣ್ಣು ಮಾಡಿದ ಮೇಲೆ ಅದು ಮೊದಲ ಮಾಮೂಲು ಬೆಳಿಗ್ಗೆ. ಕುರಿಗಳು ಅರಚುತ್ತಿದ್ದವು. ಹಾಲು ಕರೆಯಬೇಕಿತ್ತು.

ಶಾರವ ಸತ್ತದ್ದು ಪ್ಲೇಗಿನಿಂದ. ಪ್ಲೇಗು ಬಂದದ್ದು ತಾರ್ವಗದಿಂದ.

ತಾರ್ವಗ ಎಂದರೆ ಮಂಗೋಲಿಯಾದ ಬೆಟ್ಟಗಳಲ್ಲಿ ಬಿಲ ತೋಡಿಕೊಂಡಿರುವ, ಬೆಕ್ಕಿಗಿಂತ ದಪ್ಪನೆಯ, ಇಲಿ ಜಾತಿಯ ಪ್ರಾಣಿ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಮೈತುಂಬ ಕೊಬ್ಬು. ಕಾದ ಕಲ್ಲುಗಳನ್ನು ಅದರ ಹೊಟ್ಟೆಯೊಳಗೆ ತುಂಬಿ, ತೊಗಲಿನ ಸಮೇತ ಬೇಯಿಸಿದರೆ ಆ ವಾಸನೆಗೆ ಪಕ್ಕದ ಕಣಿವೆಯವರೂ ಕುದುರೆ ಏರಿ ಬರುತ್ತಾರೆ. ಅದನ್ನು ಹಿಡಿಯಬೇಡಿ ಎಂದು ಸರ್ಕಾರ ಹೇಳಿತ್ತು. ತಿನ್ನಬೇಡಿ ಎಂದು ಆಸ್ಪತ್ರೆ ಹೇಳಿತ್ತು. ಆ ಕಣಿವೆಯಲ್ಲಿ ಅದನ್ನು ತಿನ್ನದವರು ಯಾರೂ ಇರಲಿಲ್ಲ. ತಿಂದೆ ಎನ್ನುವವರೂ ಯಾರೂ ಇರಲಿಲ್ಲ.

ಹೆಸರನ್ನು ಕೂಡ ಹೇಳುತ್ತಿರಲಿಲ್ಲ. ಹೆಸರೆತ್ತಿದರೆ ಅದಕ್ಕೆ ಕೇಳಿಸಿ ಬಿಲ ಸೇರಿಕೊಳ್ಳುತ್ತದೆ ಎಂಬುದು ಬೇಟೆಗಾರರ ಹಳೆಯ ನಂಬಿಕೆ. ಅದಕ್ಕೇ 'ಗಿಡ್ಡ ಕುರಿ' ಎನ್ನುವುದು. "ಈ ವರ್ಷ ಗಿಡ್ಡ ಕುರಿ ಚೆನ್ನಾಗಿ ಕೊಬ್ಬಿವೆ." "ಸಂಜೆ ಬಾರೋ, ಗಿಡ್ಡ ಕುರಿ ಇದೆ." ಸರ್ಕಾರ ಬೇಟೆ ನಿಲ್ಲಿಸಿದ ಮೇಲೆ ಆ ಹೆಸರು ಇನ್ನೊಂದು ಕೆಲಸಕ್ಕೂ ಒದಗಿತು.

ಯಂಜಿಮಾ ಓದಿದವಳು. ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಬಂದು ತಾಲ್ಲೂಕಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ತಾರ್ವಗದ ಚಿತ್ರದ ಮೇಲೆ ಕೆಂಪು ಗೀಟು ಎಳೆದಿದ್ದ ಭಿತ್ತಿಪತ್ರವನ್ನು ಶಾಲೆಯ ಗೋಡೆಗೆ ಅಂಟಿಸಿದ್ದು ಅವಳೇ. ರಜೆಯಲ್ಲಿ ಗುಡಾರಕ್ಕೆ ಬಂದಾಗ, ಗಂಡ ಅದರ ಹಸಿ ಮೂತ್ರಪಿಂಡವನ್ನು ಚೂರಿಯಲ್ಲಿ ಕೊಯ್ದು ಬಾಯಿಗೆ ಹಾಕಿಕೊಂಡದ್ದನ್ನು ನೋಡಿ ಸುಮ್ಮನಿದ್ದದ್ದೂ ಅವಳೇ.

"ಬೆನ್ನಿಗೆ ಬಲ ಬರುತ್ತೆ ಕಣೇ," ಎಂದಿದ್ದ ಶಾರವ. "ನಿನಗೆ ಬೇಡ ಬಿಡು. ಟೀಚರಮ್ಮನೋರಿಗೆ ಬೇಯಿಸಿದ್ದೇ ಆಗಬೇಕು."

ಅವಳು ನಕ್ಕಿದ್ದಳು. ಬೇಯಿಸಿದ್ದನ್ನು ತಿಂದಿದ್ದಳು.

ವಾರ ತುಂಬುವ ಮೊದಲೇ ಅವನಿಗೆ ಚಳಿಜ್ವರ ಬಂತು. ಹೊಟ್ಟೆ ತೊಳಸಿ ವಾಂತಿಯಾಯಿತು. ತಲೆ ಎತ್ತಲಾರದೆ ಹೋದ. ಜೀಪು ಗೊತ್ತುಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಇದ್ದದ್ದು ಆಗಷ್ಟೇ ನಗರದಿಂದ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರು.

"ಏನು ತಿಂದಿದ್ರಿ?" ಎಂದು ಕೇಳಿದರು.

"ಗಿಡ್ಡ ಕುರಿ," ಎಂದ ಶಾರವ.

"ಕುರಿಮರೀನಾ?" ಡಾಕ್ಟರು ಅವಳ ಕಡೆ ತಿರುಗಿದರು. "ಕುರಿ ತಾನೇ ಅಮ್ಮಾ?"

ಅವಳಿಗೆ ಶಾಲೆಯ ಗೋಡೆ ನೆನಪಾಯಿತು. ಭಿತ್ತಿಪತ್ರ ಅಂಟಿಸಿದವಳ ಮನೆಯಲ್ಲೇ ನೋಡು ಎಂದು ಜನ ಆಡಿಕೊಳ್ಳುವುದು ಆಗಲೇ ಕಿವಿಗೆ ಬಿದ್ದಂತಾಯಿತು.

"ಹೌದು," ಎಂದಳು. "ಕುರಿ."

ಡಾಕ್ಟರು ಕುರಿ ತಿಂದು ಹೊಟ್ಟೆ ಕೆಟ್ಟವನಿಗೆ ಕೊಡುವ ಔಷಧಿ ಕೊಟ್ಟರು. ಪ್ಲೇಗಿನ ಔಷಧಿ ಅದೇ ಕೋಣೆಯ ಬೀರುವಿನಲ್ಲಿತ್ತು. ಶಾರವ ಸತ್ತ ಮೇಲೆ, ರಕ್ತಪರೀಕ್ಷೆಯಲ್ಲಿ ಪ್ಲೇಗೆಂದು ಗೊತ್ತಾದಾಗ, ಅದನ್ನು ಅವಳಿಗೆ ಕೊಟ್ಟರು, ಅವಳಿಗೆ ಕಾಯಿಲೆ ಬಾರದಿರಲೆಂದು.

ಮಣ್ಣು ಮಾಡಿದವರು ನೆಂಟರಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟವರು ಬಂದು ಮಾಡಿದರು. ಅವಳು ಹಗ್ಗದ ಒಳಗೆ ನಿಂತು ದೂರದಿಂದ ನೋಡಿದಳು. ಶಾರವನೂ ಬೇಟೆಗೆ ಹೋಗುವಾಗ ಬಿಳಿಯನ್ನೇ ತೊಡುತ್ತಿದ್ದ. ಬಿಳಿ ಅಂಗಿ, ಮೊಲದ ಕಿವಿಯಂಥ ಎರಡು ಕಿವಿ ಇರುವ ಬಿಳಿ ಟೋಪಿ, ಕೈಯಲ್ಲಿ ಚಮರಿಮೃಗದ ಬಾಲದ ಚಾಮರ. ಅದನ್ನು ಬೀಸುತ್ತ ಕುಣಿಯುತ್ತ ಹತ್ತಿರ ಹೋದರೆ ತಾರ್ವಗ ಓಡಿಹೋಗುವುದನ್ನು ಮರೆಯುತ್ತದೆ. ಬಿಲದ ಬಾಯಲ್ಲಿ ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ಇದೇನು ವಿಚಿತ್ರ ಎಂದು ನೋಡುತ್ತಲೇ ಇರುತ್ತದೆ. ಆ ದಿನ ಕಣಿವೆಯ ಜನರೆಲ್ಲ ತಮ್ಮ ತಮ್ಮ ಗುಡಾರದ ಬಾಗಿಲಲ್ಲಿ ಹಾಗೇ ನೆಟ್ಟಗೆ ನಿಂತು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಬಿಳಿ ಅಂಗಿಯನ್ನೂ ಟೋಪಿಯನ್ನೂ ಸುಟ್ಟರು. ಚಾಮರವನ್ನು ಬೆಂಕಿಗೆ ಹಾಕಲು ಹೋದಾಗ ಅವಳು, "ಅದು ನಮ್ಮದಲ್ಲ," ಎಂದಳು. ಅವರು ಅದನ್ನು ಔಷಧಿಯ ನೀರಿನಲ್ಲಿ ನೆನೆಹಾಕಿ, ಕುದುರೆ ಕಟ್ಟುವ ಹಗ್ಗದ ಮೇಲೆ ಬಿಸಿಲಿಗೆ ಹಾಕಿ ಹೋದರು.

ಹಾಲು ಕರೆದಾದ ಮೇಲೆ ಯಂಜಿಮಾ ಅದನ್ನು ಕೆಳಗಿಳಿಸಿಕೊಂಡಳು. ಅದು ಹೊಳೆಯಾಚೆಯ ಉರ್ತನಸನ್ ಅಜ್ಜನದು. ಹಿಡಿಗೆ ಸುತ್ತಿದ್ದ ನೀಲಿ ರೇಷ್ಮೆಪಟ್ಟಿ ಅಜ್ಜನ ತಾಯಿ ಸುತ್ತಿದ್ದು. ಕಣಿವೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಶಾರವ ಕೇಳಿ ತಂದಿದ್ದ. ತಂದವನು ಇಲ್ಲ, ಕೊಟ್ಟುಬರಬೇಕಾದವಳು ಅವಳು. ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವರಲ್ಲಿಲ್ಲ. ಒಣಮೊಸರಿನ ಗಟ್ಟಿಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಹಿಡಿಗೆ ಬಿಗಿದಳು.

ಹೊಳೆ ದಾಟಿ ಅಜ್ಜನ ಗುಡಾರದ ಹತ್ತಿರ ಬಂದು ಕೂಗಿದಳು. "ನಾಯಿ ಹಿಡೀರಿ!"

ಯಾರು ಬಂದರೂ ಹೀಗೆ ಕೂಗುತ್ತಾರೆ. ಒಳಗಿನವರು ನಗುತ್ತ ಬಂದು ನಾಯಿ ಹಿಡಿಯುತ್ತಾರೆ. ಇವತ್ತು ಯಾರೂ ಬರಲಿಲ್ಲ. ನಾಯಿ ಬೊಗಳಿ ಬೊಗಳಿ ಸಾಕಾಗಿ ಮಲಗಿತು. ಆಮೇಲೆ ಅಜ್ಜ ಬಾಗಿಲ ಪರದೆ ಎತ್ತಿ ಹೊರಗೆ ಬಂದ. ಬಂದವರಿಗೆ ಗೌರವದಿಂದ ನೀಡುವ ನಶ್ಯದ ಸೀಸೆಯನ್ನು ತೆಗೆಯಲು ಅಂಗಿಯ ಎದೆಯೊಳಗೆ ಕೈ ಹಾಕಿದವನು, ಅವಳ ಕೈಯಲ್ಲಿದ್ದುದನ್ನು ಕಂಡು ಬರಿಗೈಯನ್ನೇ ಹೊರಗೆಳೆದುಕೊಂಡ.

"ಅಜ್ಜ, ನಿಮ್ಮ ಚಾಮರ."

"ನಂದಲ್ಲ."

"ನಿಮ್ಮದೇ ಅಜ್ಜ. ಈ ನೀಲಿ ಪಟ್ಟಿ..."

"ನಂದಲ್ಲ ಅಂದೆನಲ್ಲ. ನಾನು ಯಾರಿಗೂ ಏನೂ ಕೊಟ್ಟಿಲ್ಲ." ಅವನು ಅವಳ ಮುಖ ನೋಡದೆ ಹೊಳೆಯ ಕಡೆ ನೋಡಿದ. "ಸೊಸೆಗೆ ಹುಷಾರಿಲ್ಲ. ಇನ್ನೊಂದು ದಿನ ಬಾ ಮಗಳೇ."

ಅಷ್ಟರಲ್ಲಿ ಒಳಗಿಂದ ನರಳಾಟ ಕೇಳಿಸಿತು. ಅಜ್ಜನ ಸೊಸೆ ದುಲ್ಮಾ ಗಟ್ಟಿ ಹೆಂಗಸು. ಹೆರಿಗೆಯಲ್ಲೂ ದನಿ ಎತ್ತದವಳು ಎಂದು ಹೆಸರಾಗಿದ್ದಳು. ಅವಳ ಗಂಡ ಒಂಟೆಗಳನ್ನು ಹೊಡೆದುಕೊಂಡು ಚಳಿಗಾಲದ ಜಾಗಕ್ಕೆ ಹೋಗಿದ್ದ.

"ಏನಾಗಿದೆ?"

"ಶೀತ."

ಯಂಜಿಮಾ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮೂಗು ಬಾಯಿ ಮುಚ್ಚುವಂತೆ ಬಿಗಿದುಕೊಂಡಳು. ಹಗ್ಗದೊಳಗಿದ್ದ ದಿನಗಳಲ್ಲಿ ಅದನ್ನು ಅವಳಿಗೆ ಕಲಿಸಿದ್ದರು. ಪರದೆ ಎತ್ತಿ, ಬಾಗಿಲಲ್ಲೇ ನಿಂತಳು. ಅಜ್ಜ ಅವಳ ಪಕ್ಕದಿಂದ ನುಸುಳಿ ಒಳಗೆ ಹೋದ.

ದುಲ್ಮಾ ಮಂಚದ ಮೇಲೆ ಕುರಿತೊಗಲು ಹೊದ್ದು ನಡುಗುತ್ತಿದ್ದಳು. ಮುಖ ಕೆಂಪಾಗಿತ್ತು. ಎಡಗೈಯನ್ನು ಮೈಗೆ ತಾಗಿಸಲಾರದೆ ಪಕ್ಕಕ್ಕೆ ಚಾಚಿಕೊಂಡಿದ್ದಳು. ಬೆರಳಿಗೆ ಬಟ್ಟೆ ಸುತ್ತಿತ್ತು.

"ಅಕ್ಕಾ, ಕಂಕುಳಲ್ಲಿ ನೋವಾ?"

"ಗಂಟು," ಎಂದಳು ದುಲ್ಮಾ. "ಮೊಟ್ಟೆಯಷ್ಟಿದೆ. ಮುಟ್ಟೋಕಾಗಲ್ಲ."

"ಬೆರಳಿಗೇನಾಯ್ತು?"

ದುಲ್ಮಾ ಮಾವನ ಕಡೆ ನೋಡಿದಳು. ಅಜ್ಜ ಗಂಟಲು ಸರಿಮಾಡಿಕೊಂಡ.

"ತರಕಾರಿ ಹೆಚ್ಚೋವಾಗ ಕುಯ್ಕೊಂಡ್ಳು."

"ಯಾವ ತರಕಾರಿ ಅಜ್ಜ? ಕಣಿವೆಗೆ ಈರುಳ್ಳಿ ಬಂದು ತಿಂಗಳಾಯ್ತು."

ಯಂಜಿಮಾ ಹಿಂದಕ್ಕೆ ಸರಿದು ಅಜ್ಜನನ್ನೂ ಹೊರಗೆ ಕರೆದಳು.

"ಗಿಡ್ಡ ಕುರಿ ಸುಲಿದ್ಳಾ?"

"ಮೆಲ್ಲಗೆ ಮಾತಾಡು!"

"ಯಾಕೆ? ಅದಕ್ಕೆ ಕೇಳಿಸುತ್ತಾ?"

ಅಜ್ಜ ಕುದುರೆ ಕಟ್ಟುವ ಕಂಬಕ್ಕೆ ಒರಗಿ ಕುಳಿತ. "ನನ್ನ ಮಂಡಿಗೆ ಅದರ ಎಣ್ಣೆ ಬೇಕಿತ್ತು," ಎಂದ. "ಒಂದೇ ಒಂದು. ಉರುಳಿಗೆ ಬಿದ್ದಿತ್ತು. ಅವಳು ಬೇಡ ಮಾವ ಅಂದ್ಳು. ಶಾರವನ ಕಥೆ ಆಗಿ ಇನ್ನೂ ಹಗ್ಗ ಬಿಚ್ಚಿಲ್ಲ, ಬೇಡ ಅಂದ್ಳು. ನಾನೇ ಬೈದೆ. ಸುಲಿಯೋವಾಗ ಚೂರಿ ಜಾರಿತು."

"ಆಸ್ಪತ್ರೆಗೆ ಹೇಳಿದ್ರಾ?"

"ಏನಂತ ಹೇಳೋದು? ದಂಡ ಹಾಕ್ತಾರೆ. ಅದು ಹೋಗಲಿ, ಜನ ಏನಂತಾರೆ? ಈ ಮುದುಕನ ಮಂಡಿಗೋಸ್ಕರ ಸೊಸೇನ ಮಲಗಿಸಿದ ಅನ್ನಲ್ವಾ?" ಸ್ವಲ್ಪ ತಡೆದು ದನಿ ಏರಿಸಿದ. "ಇದು ಅದಲ್ಲ ಬಿಡು. ಕಾಯಿಲೆ ಬಿದ್ದ ಪ್ರಾಣಿ ನನ್ನ ಕಣ್ಣಿಗೆ ಗೊತ್ತಾಗಲ್ವಾ? ಕಾಯಿಲೆ ಇದ್ದದ್ದು ಸಿಳ್ಳೆ ಹಾಕಲ್ಲ, ಇದು ಉರುಳಲ್ಲಿದ್ರೂ ಸಿಳ್ಳೆ ಹಾಕ್ತಿತ್ತು."

"ಶಾರವ ತಂದಿದ್ದೂ ಸಿಳ್ಳೆ ಹಾಕ್ತಿತ್ತಂತೆ."

"ಮನುಷ್ಯಮಾಂಸ ತೆಗೆದು ಎಸೆದಿದ್ದೀವಿ."

ತಾರ್ವಗ ಒಂದು ಕಾಲದಲ್ಲಿ ಮನುಷ್ಯನಾಗಿತ್ತು ಎನ್ನುತ್ತಾರೆ ಅಲ್ಲಿಯವರು. ಅದರ ಕಂಕುಳಲ್ಲಿರುವ ಒಂದು ತುಣುಕು ಇನ್ನೂ ಮನುಷ್ಯನ ಮಾಂಸವೇ, ಅದನ್ನು ತೆಗೆದುಹಾಕಿದರೆ ಉಳಿದದ್ದರಿಂದ ಏನೂ ಆಗುವುದಿಲ್ಲ ಎಂದು ನಂಬುತ್ತಾರೆ.

"ನಿನ್ನ ಗಂಡ ಆತುರಗಾರ," ಎಂದ ಅಜ್ಜ. "ತೆಗೀದೆ ತಿಂದಿರ್ತಾನೆ."

"ತೆಗೆದಿದ್ರು ಅಜ್ಜ. ನಾನೇ ನೋಡಿದೆ. ನಾಯಿ ತಿನ್ನಬಾರದು ಅಂತ ಕಲ್ಲಿನಡಿ ಇಟ್ರು. ಕಾಯಿಲೆ ಆ ತುಣುಕಲ್ಲಿ ಮಾತ್ರ ಇರಲ್ಲ. ರಕ್ತದಲ್ಲಿರುತ್ತೆ. ತೊಗಲಿನ ಮೇಲಿರೋ ಚಿಗಟದಲ್ಲಿರುತ್ತೆ. ತಿನ್ನಲೇಬೇಕು ಅಂತಿಲ್ಲ, ಗಾಯದ ಕೈಲಿ ಸುಲಿದ್ರೂ ಸಾಕು."

"ನಾನು ಹುಟ್ಟಿದಾಗಿಂದ ತಿಂದಿದ್ದೀನಿ. ನಂಗೇನಾಯ್ತು?"

"ನೀವು ಬದುಕಿದ್ದೀರಿ, ಅದಕ್ಕೆ ಹೇಳ್ತಿದ್ದೀರಿ. ತಿಂದು ಸತ್ತೋರು ಬಂದು ಹೇಳಲ್ಲ."

ಅವಳು ಬೆಟ್ಟದ ಕಡೆ ತಿರುಗಿದಾಗ ಅಜ್ಜ ಎದ್ದು ತೋಳು ಹಿಡಿದುಕೊಂಡ. ಫೋನಿಗೆ ಸಿಗ್ನಲ್ಲು ಸಿಗುವುದು ಆ ಬೆಟ್ಟದ ಮೇಲೆ ಮಾತ್ರ ಎಂದು ಅವನಿಗೂ ಗೊತ್ತಿತ್ತು.

"ಬೇಡ ಮಗಳೇ. ಆ ಹಗ್ಗ ನಮ್ಮ ಗುಡಾರಕ್ಕೂ ಬರುತ್ತೆ. ಬಿಳಿ ಬಟ್ಟೆಯೋರು ಬರ್ತಾರೆ. ಎಲ್ಲರೂ ನಿಂತ್ಕೊಂಡು ನೋಡ್ತಾರೆ."

"ನೋಡಲಿ. ನನ್ನನ್ನೂ ನೋಡಿದ್ರು. ಅಜ್ಜ, ಆಸ್ಪತ್ರೇಲಿ ಶಾರವ ಗಿಡ್ಡ ಕುರಿ ಅಂದ್ರು. ಡಾಕ್ಟರಿಗೆ ಅರ್ಥ ಆಗಲಿಲ್ಲ. ಕುರಿ ತಾನೇ ಅಂತ ನನ್ನ ಕೇಳಿದ್ರು. ನಾನು ಹೌದು ಅಂದೆ." ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. "ಶಾಲೇಲಿ ಭಿತ್ತಿಪತ್ರ ಅಂಟಿಸಿದ ಕೈ ಇದು. ಮಾನ ಹೋಗುತ್ತೆ ಅಂತ ಹಾಗಂದೆ. ಮಾನ ಉಳೀತು. ಅದನ್ನ ಇಟ್ಕೊಂಡು ಏನು ಮಾಡಲಿ ಅಂತ ನೀವೇ ಹೇಳಿ."

ಅಜ್ಜ ಅವಳ ತೋಳು ಬಿಟ್ಟ. ಕಂಬದಿಂದ ಕುದುರೆಯ ಹಗ್ಗ ಬಿಚ್ಚಿದ.

"ನನ್ನ ಕುದುರೆ ತಗೊಂಡು ಹೋಗು," ಎಂದ. "ನಿನ್ನ ಕಾಲಿಗಿಂತ ಬೇಗ ಹೋಗುತ್ತೆ."

ಚಾಮರವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಅವಳು ಕುದುರೆ ಏರಿದಳು.

ಆ ಕಣಿವೆಗಳ ಆರೋಗ್ಯ ಕಾರ್ಯಕರ್ತೆ ಖಂಡಾ. ಯಂಜಿಮಾ ಬೆಟ್ಟದ ಮೇಲಿಂದ ಫೋನು ಮಾಡಿದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ಮೋಟಾರ್ ಸೈಕಲ್ ಮೇಲೆ ಬಂದಿಳಿದಳು. ಶಾರವ ಮಲಗಿದಾಗ ಅವಳು ದೂರದ ಕಣಿವೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಳು. ಅದಕ್ಕೆ ಈಗಲೂ ಯಂಜಿಮಾಳ ಕಣ್ಣು ತಪ್ಪಿಸಿಯೇ ಮಾತಾಡಿದಳು. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿ ಒಳಗೆ ಹೋಗಿ, ಜ್ವರ ನೋಡಿ, ಕಂಕುಳು ನೋಡಿ ಹೊರಗೆ ಬಂದಳು. ಜೇಬಿನಿಂದ ದಪ್ಪನೆಯ ಉಪಗ್ರಹ ಫೋನು ತೆಗೆದು ತಾಲ್ಲೂಕು ಡಾಕ್ಟರಿಗೆ ಹಚ್ಚಿದಳು. ಅದೇ ಚಿಕ್ಕ ವಯಸ್ಸಿನ ಡಾಕ್ಟರು. ಮಾತು ಎಲ್ಲರಿಗೂ ಕೇಳುತ್ತಿತ್ತು.

"ಏನು ತಿಂದಿದ್ದಾರೆ? ಯಾವುದಾದರೂ ಪ್ರಾಣಿ ಮುಟ್ಟಿದ್ದಾರಾ?"

"ನಾನು ಕಂಡಿಲ್ಲ ಡಾಕ್ಟ್ರೇ, ಮನೆಯೋರು ಹೇಳ್ತಾರೆ," ಎಂದು ಖಂಡಾ ಫೋನನ್ನು ಅಜ್ಜನ ಬಾಯಿಯ ಹತ್ತಿರ ಹಿಡಿದಳು. "ಹೇಳಿ ಅಜ್ಜ."

"ದಂಡ..."

"ಅಯ್ಯೋ ಅಜ್ಜ, ಬೇಟೆ ಹಿಡಿಯೋದು ಬೇರೆಯೋರ ಕೆಲಸ. ನಂದು ಜ್ವರ ಹಿಡಿಯೋ ಕೆಲಸ. ಹೇಳಿ."

"ಗಿಡ್ಡ..." ಎಂದ ಅಜ್ಜ.

ಯಂಜಿಮಾ ಎರಡು ಮಾರು ದೂರದಲ್ಲಿ, ಸೊಂಟಕ್ಕೆ ಚಾಮರ ಸಿಕ್ಕಿಸಿಕೊಂಡು ನಿಂತಿದ್ದಳು. ಅಜ್ಜ ಆ ನೀಲಿ ಪಟ್ಟಿಯನ್ನು ನೋಡಿದ. ಒಳಗಿನ ನರಳಾಟ ಕೇಳಿದ. ಆಮೇಲೆ ಹುಟ್ಟಿದಾಗಿನಿಂದ ಬೆಟ್ಟದ ಬುಡದಲ್ಲಿ ನಿಂತು ಎಂದೂ ಉಚ್ಚರಿಸದ ಹೆಸರನ್ನು ಹೇಳಿದ.

"ತಾರ್ವಗ," ಎಂದ. ಕೇಳಿಸಲಿಲ್ಲವೇನೋ ಎಂದು ಕೂಗಿ ಹೇಳಿದ. "ತಾರ್ವಗ ಕಣಪ್ಪಾ ಡಾಕ್ಟ್ರೇ! ನನ್ನ ಸೊಸೆ ತಾರ್ವಗ ಸುಲಿದ್ಳು. ನಾನೇ ಸುಲಿಸಿದ್ದು."

ಬೆಟ್ಟದ ಮೇಲೆ ಎಲ್ಲೋ ಒಂದು ತಾರ್ವಗ ಸಿಳ್ಳೆ ಹಾಕಿ ಬಿಲ ಸೇರಿತು.

ಫೋನಿನಲ್ಲಿ ಡಾಕ್ಟರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು," ಎಂದರು. ಯಾವ ಇಂಜೆಕ್ಷನ್ನು ಎಂದು ಖಂಡಾಳಿಗೆ ಹೇಳಿದರು. ಅದು ಅವಳ ಚೀಲದಲ್ಲೇ ಇತ್ತು. ಆ ಗಳಿಗೆಯಲ್ಲೇ ಚುಚ್ಚಿದಳು. ಅಜ್ಜನಿಗೂ ಯಂಜಿಮಾಳಿಗೂ ನುಂಗಲು ಮಾತ್ರೆ ಕೊಟ್ಟಳು. ಮೂಲೆಯಲ್ಲಿದ್ದ ಎಣ್ಣೆಯ ಸೀಸೆಯನ್ನೂ ಒಣಹಾಕಿದ್ದ ತೊಗಲನ್ನೂ ಮುಟ್ಟಬೇಡಿ ಎಂದಳು. ಸಂಜೆ ಆಂಬುಲೆನ್ಸು ಬಂತು. ಬಿಳಿ ಬಟ್ಟೆಯವರು ಬಂದರು. ಕೆಂಪು ಹಗ್ಗವೂ ಬಂತು. ಜನ ಬಾಗಿಲಲ್ಲಿ ನಿಂತು ನೋಡಿದರು. ಅಜ್ಜ ತಲೆ ತಗ್ಗಿಸಿಕೊಂಡು ಹಗ್ಗದೊಳಗೆ ಕುಳಿತ. ಯಂಜಿಮಾ ತನ್ನ ಗುಡಾರದ ಸುತ್ತ ಮತ್ತೆ ಹಗ್ಗ ಕಟ್ಟಿಸಿಕೊಂಡಳು. ಈ ಸಲ ಅವಳಿಗೆ ಅದು ಅಷ್ಟು ಬಿಗಿ ಅನ್ನಿಸಲಿಲ್ಲ.

ದುಲ್ಮಾ ಬದುಕಿದಳು. ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು, ಅದಕ್ಕೆ ಬದುಕಿದಳು. ಹೆಸರು ಹೇಳಿದ್ದರಿಂದ ಔಷಧಿ ಸಿಕ್ಕಿತು.

ಅವಳು ಮನೆಗೆ ಬಂದ ಮಾರನೆಯ ದಿನ ಯಂಜಿಮಾ ಹೊಳೆ ದಾಟಿ ಬಂದು ಕೂಗಿದಳು. "ನಾಯಿ ಹಿಡೀರಿ!"

ಅಜ್ಜ ಕುಂಟುತ್ತ ಓಡಿಬಂದು ನಾಯಿಯ ಕೊರಳಪಟ್ಟಿ ಹಿಡಿದುಕೊಂಡ. ಒಳಗಿನಿಂದ ದುಲ್ಮಾಳ ದನಿ ಕೇಳಿಸಿತು. "ಮಾವ, ನಿಮ್ಮ ಮಂಡಿ ಎಣ್ಣೆ ಇಲ್ಲದೇನೇ ಚೆನ್ನಾಗಿ ಓಡುತ್ತಲ್ಲ!"

"ಸುಮ್ನೆ ಚಹಾ ಇಡೇ," ಎಂದ ಅಜ್ಜ. ಅಂಗಿಯ ಎದೆಯೊಳಗೆ ಕೈ ಹಾಕಿ ನಶ್ಯದ ಸೀಸೆ ತೆಗೆದು ಎರಡೂ ಕೈಯಲ್ಲಿ ಯಂಜಿಮಾಳ ಮುಂದೆ ಹಿಡಿದ. ಹಿಂದಿನ ಸಲ ಅಂಗಿಯೊಳಗೇ ಉಳಿದ ಗೌರವ ಅದು. ಅವಳು ಹೆಂಗಸರ ಪದ್ಧತಿಯಂತೆ ಮುಚ್ಚಳ ತೆಗೆಯದೆ ಮೂಸಿ ಹಿಂದಕ್ಕೆ ಕೊಟ್ಟಳು. ಆಮೇಲೆ ಚಾಮರವನ್ನು ಮುಂದೆ ಹಿಡಿದಳು. ಒಣಮೊಸರಿನ ಗಂಟು ಹಾಗೇ ಇತ್ತು.

"ಇದು ಯಾರದು ಅಜ್ಜ?"

ಅಜ್ಜ ನೀಲಿ ಪಟ್ಟಿಯನ್ನು ಸವರಿದ. "ನಂದು," ಎಂದ. "ನಂದೇ ಮಗಳೇ. ಅವನಿಗೆ ಕೊಟ್ಟೋನೂ ನಾನೇ." ಎರಡು ಕೈ ನೀಡಿ ತೆಗೆದುಕೊಂಡ.

ಓದುವವರೇ, ಕೇಳುವವರೇ, ನಿಮ್ಮ ಊರಿನಲ್ಲಿ ಆ ಪ್ರಾಣಿ ಬೇರೆ ಇರಬಹುದು. ಹೊಲದ ಇಲಿ ಇರಬಹುದು, ಬೆಟ್ಟದ ಹೆಗ್ಗಣ ಇರಬಹುದು, ಮರದ ಮೇಲಿನ ಅಳಿಲು ಇರಬಹುದು. ಅದಕ್ಕೆ ನೀವು ಇಟ್ಟುಕೊಂಡಿರುವ ಗುಟ್ಟಿನ ಹೆಸರೂ ಬೇರೆ ಇರಬಹುದು. ಕಾಡಿನ ಇಲಿ ಹೆಗ್ಗಣಗಳನ್ನು ಹಿಡಿಯಬೇಡಿ, ಸುಲಿಯಬೇಡಿ. ಹಸಿಯಾಗಿ ಯಾವುದನ್ನೂ ತಿನ್ನಬೇಡಿ. ಬಲ ಬರುತ್ತದೆ, ನೋವು ಹೋಗುತ್ತದೆ ಎಂದು ಯಾರು ಹೇಳಿದರೂ ಬೇಡ. ಸತ್ತು ಬಿದ್ದದ್ದನ್ನು ಕೋಲಿನಲ್ಲೂ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮುಟ್ಟಿದ ಮೇಲೆ, ತಿಂದ ಮೇಲೆ ಚಳಿಜ್ವರ ಬಂದರೆ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಕಂಡರೆ, ನಾಳೆ ನೋಡೋಣ ಎನ್ನದೆ ಆವತ್ತೇ ಆಸ್ಪತ್ರೆಗೆ ಹೋಗಿ. ಈ ಕಾಯಿಲೆಗೆ ಔಷಧಿ ಇದೆ. ಬೇಗ ಕೊಟ್ಟರೆ ವಾಸಿಯಾಗುತ್ತದೆ.

ಏನು ತಿಂದಿರಿ ಎಂದು ಡಾಕ್ಟರು ಕೇಳಿದಾಗ, ಅದರ ನಿಜವಾದ ಹೆಸರನ್ನೇ ಹೇಳಿ. ಪಕ್ಕದಲ್ಲಿ ನಿಂತವರು ನೀವಾಗಿದ್ದರೆ ನೀವು ಹೇಳಿ. ನಾಚಿಕೆಯನ್ನು ಆಮೇಲೆ ಪಡಬಹುದು, ಮನೆಯವರೆಲ್ಲ ಬದುಕಿ ಉಳಿದ ಮೇಲೆ.